ಹಳೆಯ ಪ್ಲೇಯರ್ ಪಿಯಾನೋ ಮನೆಯಲ್ಲೇ ಉಳಿಸಿಕೊಳ್ಳುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಪಿಯಾನೋ ಉಳಿದಿರುತ್ತದೆ. ಒಮ್ಮೊಮ್ಮೆ ಅದು ಕಾಗದದ ರೋಲು ಹಾಕಿ ಕಾಲಲ್ಲಿ ತುಳಿದರೆ ನುಡಿಯುವ ಪ್ಲೇಯರ್ ಪಿಯಾನೋ ಆಗಿರುತ್ತದೆ. ಜಾಗ ಖಾಲಿ ಮಾಡುವಾಗ ಗುಜರಿಗೆ ಹೋಗುವ ಮೊದಲ ವಸ್ತುವೂ ಅದೇ. ಹಾಗಾಗದಿರಲಿ ಎಂಬ ಕಾಳಜಿಯಿಂದ ಈ ಉತ್ತರಗಳನ್ನು ಬರೆದಿದ್ದೇನೆ. ಬಡಗಿ ಕೆಲಸ ಸ್ವಲ್ಪ ಗೊತ್ತಿದ್ದು, ತಾಳ್ಮೆ ಇದ್ದವರು ಇದರಲ್ಲಿ ಬಹುಪಾಲನ್ನು ಮನೆಯಲ್ಲೇ ಮಾಡಬಹುದು.

ನಮ್ಮ ಮನೆಯಲ್ಲಿರುವುದು ಪ್ಲೇಯರ್ ಪಿಯಾನೋ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಕೀಗಳ ಮೇಲಿನ ಎದುರು ಹಲಗೆ ನೋಡಿ. ಅದರ ನಡುವೆ ಪಕ್ಕಕ್ಕೆ ಸರಿಯುವ ಎರಡು ಪುಟ್ಟ ಬಾಗಿಲುಗಳಿದ್ದು, ಒಳಗೆ ರೋಲು ಕೂರಿಸುವ ಗೂಡು ಇದ್ದರೆ ಅದು ಪ್ಲೇಯರ್. ಗೂಡಿನ ನಡುವೆ ಅಡ್ಡಲಾಗಿ ಸಾಲು ತೂತುಗಳಿರುವ ಹಿತ್ತಾಳೆ ಪಟ್ಟಿ ಕಾಣುತ್ತದೆ, ಅದಕ್ಕೆ ಟ್ರ್ಯಾಕರ್ ಬಾರ್ ಎನ್ನುತ್ತಾರೆ. ಕೆಳಗಿನ ಹಲಗೆಯಲ್ಲಿ ಸಣ್ಣ ಬಾಗಿಲು ತೆರೆದರೆ ಮಡಿಸಿಟ್ಟ ಎರಡು ಅಗಲದ ಪೆಡಲುಗಳು ಹೊರಬರುತ್ತವೆ. ಕೀಗಳ ಮುಂದಿನ ಪಟ್ಟಿ ಕೀಲಿನ ಮೇಲೆ ಮಡಚಿಕೊಂಡರೆ ಅದರಡಿ ವೇಗದ, ಮೃದು-ಜೋರಿನ ಸನ್ನೆಗೋಲುಗಳಿರುತ್ತವೆ. ಕೆಲವರು ಒಳಗಿನ ಯಂತ್ರ ಕಿತ್ತು ಬಾಗಿಲನ್ನು ಹಾಗೇ ಬಿಟ್ಟಿರುತ್ತಾರೆ. ಆದ್ದರಿಂದ ಮೇಲಿನ ಮುಚ್ಚಳ ಎತ್ತಿ, ಟಾರ್ಚ್ ಹಾಕಿ, ಟ್ಯೂಬುಗಳು ಇವೆಯೇ ನೋಡಿ.

ಯಾರೂ ಮುಟ್ಟದೆ ಕೀಗಳು ಹೇಗೆ ಇಳಿಯುತ್ತವೆ?

ರಿಪೇರಿಗೆ ಕೈಹಾಕುವ ಮೊದಲು ಇದೊಂದು ಸರಿಯಾಗಿ ಅರ್ಥವಾಗಬೇಕು. ಹಾರ್ಮೋನಿಯಂ ಗಾಳಿಯನ್ನು ಒತ್ತಿ ಕಳಿಸುತ್ತದೆ. ಪ್ಲೇಯರ್ ಪಿಯಾನೋ ಗಾಳಿಯನ್ನು ಹೀರುತ್ತದೆ. ನೀವು ಪೆಡಲು ತುಳಿದಾಗ ಕೆಳಗಿನ ದೊಡ್ಡ ತಿದಿಗಳು ಒಳಗಿನ ಗಾಳಿಯನ್ನು ಹೊರಗೆ ಎಳೆದುಹಾಕಿ, ಇಡೀ ಯಂತ್ರದೊಳಗೆ ಸಣ್ಣ ನಿರ್ವಾತವನ್ನು ಉಂಟುಮಾಡುತ್ತವೆ.

ರೋಲಿನ ಕಾಗದ ಟ್ರ್ಯಾಕರ್ ಬಾರಿನ ಮೇಲೆ ಅಂಟಿಕೊಂಡಂತೆ ಸಾಗುತ್ತದೆ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂದ ಕ್ಷಣ ಹೊರಗಿನ ಗಾಳಿ ಆ ತೂತಿನಿಂದ ಟ್ಯೂಬಿಗೆ ನುಗ್ಗುತ್ತದೆ. ಟ್ಯೂಬಿನ ಆ ತುದಿಯಲ್ಲಿ ತೆಳು ಚರ್ಮದ ಪುಟ್ಟ ಪೊರೆ ಇದೆ, ಕಸುಬಿನವರು ಪೌಚು ಎನ್ನುವುದು ಇದಕ್ಕೆ. ಗಾಳಿ ಸೇರಿ ಪೌಚು ಉಬ್ಬಿ ಮೇಲಿನ ವಾಲ್ವನ್ನು ಎತ್ತುತ್ತದೆ. ವಾಲ್ವು ಎದ್ದೊಡನೆ ಆ ಸ್ವರದ ಚಿಕ್ಕ ತಿದಿಗೆ ಹೊರಗಾಳಿಯ ದಾರಿ ಮುಚ್ಚಿ, ನಿರ್ವಾತದ ದಾರಿ ತೆರೆಯುತ್ತದೆ. ಎಳನೀರು ಕುಡಿಯುವಾಗ ತುದಿಗೆ ಗಂಜಿ ಸಿಕ್ಕಿ ಮುಚ್ಚಿಕೊಂಡ ಮೇಲೂ ಹೀರಿದರೆ ಕಾಗದದ ಸ್ಟ್ರಾ ಒಳಕ್ಕೆ ಮುದುಡುತ್ತದಲ್ಲ, ಹಾಗೆ ತಿದಿ ಮುದುಡಿಕೊಂಡು ತನ್ನ ಬೆರಳಿನಿಂದ ಪಿಯಾನೋದ ಆಕ್ಷನ್ನನ್ನು, ಅಂದರೆ ಸುತ್ತಿಗೆಯನ್ನು ಚಲಿಸುವ ಮರದ ಜೋಡಣೆಯನ್ನು, ತಳ್ಳುತ್ತದೆ. ಸುತ್ತಿಗೆ ತಂತಿಗೆ ಬಡಿಯುತ್ತದೆ.

ಕಾಗದದ ತೂತು ದಾಟಿದ ಮೇಲೆ ಪೌಚಿನ ಕೆಳಗೆ ಸಿಕ್ಕಿಕೊಂಡ ಗಾಳಿ ಹೋಗುವುದೆಲ್ಲಿ? ಅದಕ್ಕೆಂದೇ ಸೂಜಿಮೊನೆಯಷ್ಟು ಒಂದು ಕಿರುತೂತು ಇಟ್ಟಿದ್ದಾರೆ. ಅದರಿಂದ ಗಾಳಿ ಸೋರಿಹೋಗಿ ವಾಲ್ವು ಕೂರುತ್ತದೆ. ಈ ಕಿರುತೂತಿಗೆ ಒಂದು ಕಣ ಧೂಳು ಸಿಕ್ಕಿದರೂ ಆ ಸ್ವರ ನಿಲ್ಲದೆ ಕಚ್ಚಿಕೊಳ್ಳುತ್ತದೆ. "ಒಂದು ಕೀ ಇಳಿದದ್ದು ಮೇಲೇಳುತ್ತಿಲ್ಲ" ಎಂದು ಬರುವ ದೂರುಗಳಿಗೆ ಎಷ್ಟೋ ಸಲ ಇಷ್ಟೇ ಕಾರಣ.

ರೋಲು ತಿರುಗಿಸುವುದೂ ಗಾಳಿಯೇ. ಮೇಲೆ ಇರುವ ಗಾಳಿ ಮೋಟರು ಸಣ್ಣ ಸಣ್ಣ ತಿದಿಗಳ ಸರದಿಯಿಂದ ಸುತ್ತುತ್ತದೆ. ನೀವು ಜೋರಾಗಿ ತುಳಿದರೂ ಮೆಲ್ಲಗೆ ತುಳಿದರೂ ಅದರ ವೇಗ ಒಂದೇ ಇರುವಂತೆ ನೋಡಿಕೊಳ್ಳಲು ಗವರ್ನರ್ ಎಂಬ ಇನ್ನೊಂದು ತಿದಿ ಇದೆ.

ಎಷ್ಟು ಹಳೆಯದು ಎಂದು ಪತ್ತೆ ಮಾಡಬಹುದೇ?

ಸುಮಾರಾಗಿ ಹೇಳಬಹುದು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಡ್ವಿನ್ ವೋಟಿ 1895ರಲ್ಲಿ ಮೊದಲ ಪಿಯಾನೋಲಾ ಕಟ್ಟಿದ. ಅದು ಪಿಯಾನೋದ ಮುಂದೆ ತಂದು ನಿಲ್ಲಿಸುವ ಬೇರೆಯೇ ಪೆಟ್ಟಿಗೆ, ಅದರ ಬೆರಳುಗಳು ಕೀಗಳನ್ನು ಒತ್ತುತ್ತಿದ್ದವು. ಯಂತ್ರ ಪಿಯಾನೋದ ಹೊಟ್ಟೆಯೊಳಗೆ ಸೇರಿದ್ದು ಆಮೇಲೆ. 1908ರಲ್ಲಿ ಬಫಲೋ ನಗರದಲ್ಲಿ ತಯಾರಕರು ಸಭೆ ಸೇರಿ ರೋಲಿನ ಅಳತೆ ಒಪ್ಪಿಕೊಂಡರು: ಅಗಲ 11¼ ಇಂಚು, 88 ಸ್ವರಕ್ಕೆ ಇಂಚಿಗೆ 9 ತೂತು, 65 ಸ್ವರದ ಹಳೆಯ ಬಗೆಗೆ ಇಂಚಿಗೆ 6 ತೂತು. ನಿಮ್ಮ ಟ್ರ್ಯಾಕರ್ ಬಾರಿನಲ್ಲಿ ದೊಡ್ಡ ತೂತುಗಳು 65 ಮಾತ್ರ ಇದ್ದರೆ ಅದು ಆರಂಭದ ವರ್ಷಗಳದ್ದು. ರೇಡಿಯೋ, ವಿದ್ಯುತ್ ಗ್ರಾಮಫೋನು, ಮೇಲೆ 1929ರ ಆರ್ಥಿಕ ಕುಸಿತ, ಈ ಮೂರೂ ಸೇರಿ ಈ ಉದ್ಯಮವನ್ನು ಮಲಗಿಸಿದವು. ಹಾಗಾಗಿ ಸಿಗುವ ಬಹುತೇಕ ವಾದ್ಯಗಳು 1930ಕ್ಕಿಂತ ಹಿಂದಿನವು. ನಿಖರ ವರ್ಷ ಬೇಕಿದ್ದರೆ ಒಳಗಿನ ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ಅಥವಾ ಪಕ್ಕದ ಮರದ ಮೇಲೆ ಒತ್ತಿದ ಕ್ರಮಸಂಖ್ಯೆ ಹುಡುಕಿ, ಆ ಕಂಪನಿಯ ಪ್ರಕಟಿತ ಪಟ್ಟಿಯೊಂದಿಗೆ ಹೋಲಿಸಿ.

ಎಸ್ಟೇಟಿನಿಂದ ಪೇಟೆ ಮನೆಗೆ ಸಾಗಿಸುವುದು ಹೇಗೆ?

ಮಳೆ ಬಿಟ್ಟ ಮೇಲೆ. ಇದು ಮೊದಲ ನಿಯಮ. ಕೊಯ್ಲಿನ ತಿಂಗಳುಗಳಲ್ಲಿ ತೋಟದಲ್ಲಿ ಆಳು ಸಿಗುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಪ್ಲೇಯರ್ ಪಿಯಾನೋ 300ರಿಂದ 400 ಕಿಲೋ ತೂಗುತ್ತದೆ. ಕಾಫಿ ಮೂಟೆ ಎತ್ತಿ ಪಳಗಿದ ಹಮಾಲರಿಗೆ ತೂಕ ಹೊಸದಲ್ಲ, ಆದರೆ ಇಲ್ಲಿ ತೂಕ ಕೂತಿರುವ ಜಾಗ ಬೇರೆ. ಕಬ್ಬಿಣದ ಚೌಕಟ್ಟು ಹಿಂಬದಿಯಲ್ಲಿರುವುದರಿಂದ ಪಿಯಾನೋ ಹಿಂದಕ್ಕೆ ವಾಲಿ ಬೀಳುತ್ತದೆ, ಹಿಂದೆ ನಿಂತವರ ಮೇಲೆ. ಕೆಲಸ ಶುರುವಾಗುವ ಮೊದಲೇ ಎಲ್ಲರಿಗೂ ಇದನ್ನು ಬಾಯಿಬಿಟ್ಟು ಹೇಳಿ. ಕೆಳಗಿರುವ ಪುಟ್ಟ ಗಾಲಿಗಳನ್ನು ನಂಬಬೇಡಿ, ಅವು ಹೆಚ್ಚಾಗಿ ತುಕ್ಕು ಹಿಡಿದಿರುತ್ತವೆ, ನೆಲದ ರೆಡ್ ಆಕ್ಸೈಡನ್ನೂ ಕೆತ್ತಿಹಾಕುತ್ತವೆ. ದಪ್ಪ ಹಲಗೆಯ ಮೇಲೆ ಕೂರಿಸಿ ಕೆಳಗೆ ಕಬ್ಬಿಣದ ಪೈಪು ಕೊಟ್ಟು ಉರುಳಿಸಿ. ಗಾಡಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬೆನ್ನು ಕ್ಯಾಬಿನ್ನಿನ ಕಡೆಗಿರಲಿ, ಸುತ್ತ ಕಂಬಳಿ ಕೊಟ್ಟು ಎರಡು ಎತ್ತರದಲ್ಲಿ ಹಗ್ಗ ಬಿಗಿಯಿರಿ. ಮಲಗಿಸಿ ತರಬೇಡಿ. ರೋಲುಗಳು ಬೇರೆ ಪೆಟ್ಟಿಗೆಯಲ್ಲಿ ನಿಮ್ಮ ಜೊತೆ ಕಾರಿನಲ್ಲಿ ಬರಲಿ.

ಹೊರಡುವ ಮುನ್ನ ಬಂಗಲೆಯ ಹಳೆಯ ಬೀರು, ಅಟ್ಟ ಎಲ್ಲ ಹುಡುಕಿ. ರೋಲುಗಳ ಡಬ್ಬಿ, ಬಿದ್ದುಹೋದ ಕೀ ತುಣುಕು, ಪೆಡಲಿನ ರಬ್ಬರು ಅಲ್ಲೇ ಎಲ್ಲೋ ಇರುತ್ತವೆ. ಮನೆ ಬೇರೆಯವರ ಕೈಗೆ ಹೋದಮೇಲೆ ಅವು ಸಿಗುವುದಿಲ್ಲ.

ಮನೆಯಲ್ಲಿ ಎಲ್ಲಿ ಇಡಬೇಕು? ನಮ್ಮ ಮಳೆಗಾಲಕ್ಕೆ ತಡೆಯುತ್ತದೆಯೇ?

ಹೊರಗೋಡೆಗೆ ಒತ್ತಿ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ಬೆವರುತ್ತಲೇ ಇರುತ್ತದೆ. ಒಳಗೋಡೆಯಿಂದ ಒಂದು ಗೇಣು ದೂರ, ಬಿಸಿಲು ನೇರ ಬೀಳದ, ಅಡುಗೆಮನೆಯ ಹಬೆ ಬಾರದ ಜಾಗ ಸರಿ. ಗೆದ್ದಲಿನ ಭಯವಿದ್ದರೆ ಕಾಲುಗಳ ಕೆಳಗೆ ಕಲ್ಲಿನ ಚಪ್ಪಡಿ ಕೊಡಿ. ಪಿಯಾನೋ ಮರ ಬಯಸುವುದು ಶೇಕಡಾ 40ರಿಂದ 60ರ ನಡುವಿನ ತೇವಾಂಶ. ಮೂಡಿಗೆರೆ, ಸಕಲೇಶಪುರದಲ್ಲಿ ಮಳೆಗಾಲದ ವಾರಗಳು ಇದನ್ನು ದಾಟಿ ಎಲ್ಲೋ ಹೋಗುತ್ತವೆ. ಹಾಸನ ಪೇಟೆ ಸ್ವಲ್ಪ ವಾಸಿ. ಆದರೆ ನಿಜವಾಗಿ ಕೆಡಿಸುವುದು ಏರಿಳಿತ: ಆಗಸ್ಟಿನಲ್ಲಿ ಉಬ್ಬಿದ ಮರ ಮಾರ್ಚಿನ ಒಣಗಾಳಿಗೆ ಕುಗ್ಗುತ್ತದೆ, ಹಳೆಯ ಅಂಟಿನ ಸಂದುಗಳು ಬಿಡುತ್ತವೆ, ಬಿರಡೆಗಳು ಸಡಿಲಾಗುತ್ತವೆ.

ಬೀರುವಿನಲ್ಲಿ ಬಟ್ಟೆಗೆ ಬೂಸ್ಟು ಬಾರದಿರಲು ಸಣ್ಣ ಬಲ್ಬ್ ಉರಿಸುವ ಪದ್ಧತಿ ನಮ್ಮಲ್ಲಿದೆ. ಪಿಯಾನೋಗೂ ಹಾಗೆ ಮಾಡುವವರಿದ್ದಾರೆ. ಸಾಧಾರಣ ಪಿಯಾನೋದಲ್ಲಿ ಅದು ನಡೆದೀತು, ಪ್ಲೇಯರಿನ ಕೆಳಹೊಟ್ಟೆಯಲ್ಲಿ ಒಣಗಿದ ಬಟ್ಟೆ, ರಬ್ಬರು ತುಂಬಿರುವುದರಿಂದ ಬಿಸಿ ಬಲ್ಬ್ ಬೇಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ತೇವ ಹೀರುವ ಯಂತ್ರ ಇಡುವುದು ಅದಕ್ಕಿಂತ ಎಷ್ಟೋ ಮೇಲು. ತೇವಾಂಶ ತೋರಿಸುವ ಅಗ್ಗದ ಮಾಪಕವೊಂದನ್ನು ಪಿಯಾನೋ ಮೇಲೆ ಇಟ್ಟುಕೊಳ್ಳಿ.

ಒಳಗೆ ಇಲಿ ಗೂಡು ಕಟ್ಟಿದೆ, ಹುಳ ಹಿಡಿದಿದೆ. ಏನು ಮಾಡಲಿ?

ಕೈಗವಸು, ಮುಖಗವಸು ಹಾಕಿಕೊಳ್ಳದೆ ಮುಟ್ಟಬೇಡಿ. ಇಲಿಜ್ವರ ನಮ್ಮ ಕಡೆ ಹೊಸದಲ್ಲ. ಒಣಗಿದ ಇಲಿಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಬಾರದು, ಧೂಳು ಎದ್ದು ಉಸಿರಿಗೆ ಸೇರುತ್ತದೆ. ಸೋಂಕುನಿವಾರಕ ದ್ರಾವಣ ಸ್ವಲ್ಪ ಚಿಮುಕಿಸಿ ಒದ್ದೆ ಮಾಡಿ, ಕಾಗದದಲ್ಲಿ ಎತ್ತಿ ತೆಗೆಯಿರಿ. ಆದರೆ ಗೂಡನ್ನು ಎಸೆಯುವ ಮೊದಲು ಬಿಡಿಸಿ ನೋಡಿ, ಇಲಿ ಕಡಿದು ಒಯ್ದ ಫೆಲ್ಟು, ಚರ್ಮ, ಲೇಬಲಿನ ಚೂರುಗಳು ಅಲ್ಲಿರುತ್ತವೆ. ಅವು ಮೂಲದ ದಪ್ಪ, ಬಣ್ಣ ಹೇಳುತ್ತವೆ.

ಮರದಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಇನ್ನೂ ಜೀವಂತವಿದೆ ಎಂದರ್ಥ. ಮರಕ್ಕೆ ಹಚ್ಚುವ ಕೀಟನಾಶಕವನ್ನು ಸೂಜಿಯಿಂದ ತೂತಿಗೆ ಮಾತ್ರ ಬಿಡಿ. ಸೀಮೆಎಣ್ಣೆ ಸುರಿಯುವ ಹಳೆಯ ಉಪಾಯ ಬೇಡವೇ ಬೇಡ, ಅದು ಫೆಲ್ಟಿಗೆ ಇಳಿದು ರಬ್ಬರನ್ನು ಕರಗಿಸುತ್ತದೆ, ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ. ಹಳೆಯ ಟ್ಯೂಬುಗಳು ಸೀಸದ್ದಾಗಿದ್ದು ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ವಿಷ. ಮಕ್ಕಳನ್ನು ದೂರವಿಡಿ, ಒಣಗಿದ್ದಾಗ ಉಜ್ಜಬೇಡಿ.

ರಿಪೇರಿ ಮಾಡುವಷ್ಟು ಯೋಗ್ಯವೋ ಅಲ್ಲವೋ ಯಾವುದರಿಂದ ತೀರ್ಮಾನಿಸುವುದು?

ಎರಡು ವಿಷಯಗಳಿಂದ. ಕಬ್ಬಿಣದ ಚೌಕಟ್ಟಿನಲ್ಲಿ ಬಿರುಕು ಇದೆಯೇ? ಬಿರಡೆಗಳು ಹಿಡಿದು ನಿಲ್ಲುತ್ತವೆಯೇ? 220ಕ್ಕೂ ಹೆಚ್ಚು ತಂತಿಗಳು ಸೇರಿ ಆ ಚೌಕಟ್ಟಿನ ಮೇಲೆ 18 ಟನ್ನಿನ ಆಸುಪಾಸು ಎಳೆತ ಹಾಕುತ್ತವೆ. ಒಡೆದ ಚೌಕಟ್ಟಿನ ಮೇಲೆ ಆ ಎಳೆತ ತರುವುದು ಅಪಾಯ. ಬಿರಡೆಗಳು ಕೂತ ಮರದ ಹಲಗೆ ಸೀಳಿದ್ದರೆ ಅದನ್ನು ಬದಲಿಸುವುದು ಮನೆಯ ಕೆಲಸವಲ್ಲ. ಇವೆರಡು ಗಟ್ಟಿಯಿದ್ದರೆ ಉಳಿದದ್ದಕ್ಕೆಲ್ಲ ದಾರಿ ಇದೆ. ಹಿಂದಿನ ನಾದಫಲಕದಲ್ಲಿ ಬಿರುಕು ಕಂಡು ಹೆದರುವವರು ಬಹಳ. ಬಿರುಕಿನಿಂದ ಜಿರ್ ಸದ್ದು ಬರದಿದ್ದರೆ ಅದು ಅಷ್ಟು ದೊಡ್ಡ ದೋಷವಲ್ಲ.

"ಒಳಗಿನ ತಿದಿ, ಪೈಪೆಲ್ಲ ಕಿತ್ತುಹಾಕಿ, ಬರೀ ಪಿಯಾನೋ ಆಗಿ ಇಟ್ಟುಕೊಳ್ಳಿ" ಎನ್ನುತ್ತಾರೆ. ಮಾಡಬಹುದೇ?

ದಯವಿಟ್ಟು ಮಾಡಬೇಡಿ. ಶ್ರುತಿ ಮಾಡುವವರಿಗೆ ಒಳಗಿನ ಯಂತ್ರ ಅಡ್ಡ ಬರುತ್ತದೆ, ಅದಕ್ಕೇ ಈ ಸಲಹೆ ಬರುವುದು. ಅವರ ಕಷ್ಟ ನಿಜ. ಆದರೆ ಕಿತ್ತ ಯಂತ್ರ ಆರು ತಿಂಗಳಲ್ಲಿ ಕೊಟ್ಟಿಗೆ ಸೇರಿ ಗೆದ್ದಲಿಗೆ ಹೋಗುತ್ತದೆ. ಅದೇ ಮಾದರಿಯ ಇನ್ನೊಂದು ಸ್ಟ್ಯಾಕು (ಚಿಕ್ಕ ತಿದಿ, ವಾಲ್ವುಗಳೆಲ್ಲ ಸೇರಿದ ಭಾಗ) ಈ ದೇಶದಲ್ಲಿ ಹುಡುಕಿ ತರುವುದು ಸುಲಭವಲ್ಲ. ದುಡ್ಡು, ಸಮಯ ಈಗ ಇಲ್ಲದಿದ್ದರೆ ಯಂತ್ರವನ್ನು ಅಲ್ಲೇ ಬಿಡಿ, ಒಣಗಿಸಿ, ಸ್ವಚ್ಛ ಮಾಡಿ, ಮುಚ್ಚಿಡಿ. ಹತ್ತು ವರ್ಷದ ನಂತರ ನಿಮ್ಮ ಮನೆಯಲ್ಲೇ ಯಾರಿಗಾದರೂ ಆಸಕ್ತಿ ಹುಟ್ಟಬಹುದು. ರಿಪೇರಿ ಮಾಡದ ಪ್ಲೇಯರನ್ನು ಯಾವಾಗ ಬೇಕಾದರೂ ರಿಪೇರಿ ಮಾಡಬಹುದು, ಕಿತ್ತು ಎಸೆದದ್ದನ್ನು ಆಗದು. ನನ್ನ ಎಲ್ಲ ಸಲಹೆಗಳ ಹಿಂದೆ ಇರುವುದು ಇದೇ: ಮುಂದೆ ಇನ್ನೊಬ್ಬರು ಬಿಚ್ಚಲಾಗದಂಥ ಯಾವ ಕೆಲಸವನ್ನೂ ಮಾಡಬೇಡಿ.

ಎಲ್ಲಿಂದ ಶುರು ಮಾಡಬೇಕು?

ಫೋಟೋದಿಂದ. ಒಂದು ಸ್ಕ್ರೂ ಬಿಚ್ಚುವ ಮುನ್ನ ಎಲ್ಲ ದಿಕ್ಕಿನಿಂದ ತೆಗೆಯಿರಿ. ಟ್ಯೂಬುಗಳಿಗೆ ಎಡದಿಂದ ಬಲಕ್ಕೆ ಸಂಖ್ಯೆ ಬರೆದ ಚೀಟಿ ಕಟ್ಟಿ. ಒಂದೊಂದು ಭಾಗದ ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆಯಿರಿ. ಆ ಕಾಲದ ಸ್ಕ್ರೂಗಳ ಉದ್ದ ನೋಡಲು ಒಂದೇ ಇದ್ದರೂ ಒಂದೆರಡು ಎಳೆ ವ್ಯತ್ಯಾಸವಿರುತ್ತದೆ, ಉದ್ದದ್ದನ್ನು ತಪ್ಪು ಜಾಗಕ್ಕೆ ಬಿಗಿದರೆ ಒಳಗಿನ ಗಾಳಿಯ ಕಾಲುವೆಗೆ ತೂತು ಬೀಳುತ್ತದೆ.

ಮೊದಲು ರೋಲಿನ ಗೂಡು, ಆಮೇಲೆ ತಿದಿಗಳ ಸ್ಟ್ಯಾಕು, ಆಮೇಲೆ ಕೆಳಗಿನ ದೊಡ್ಡ ತಿದಿ ಹೊರಬರುತ್ತವೆ. ಹೊರಬಂದ ಮೇಲೆ ಪಿಯಾನೋ ತೆರೆದುಕೊಂಡು ನಿಂತಿರುತ್ತದೆ. ಸುತ್ತಿಗೆ, ಫೆಲ್ಟು, ತಂತಿ, ಕೀಗಳ ಕೆಲಸ ಮುಗಿಸಲು ಇದೇ ಸಮಯ. ಪಿಯಾನೋ ಕೈಯಿಂದ ಚೆನ್ನಾಗಿ ನುಡಿಯದೆ ಪ್ಲೇಯರ್ ಎಂದಿಗೂ ಚೆನ್ನಾಗಿ ನುಡಿಯದು.

ಯಾವ ಅಂಟು ಬಳಸಬೇಕು? ಫೆವಿಕಾಲ್ ಆಗುತ್ತದೆಯೇ?

ಫೆವಿಕಾಲ್ ಹೊಸ ಮರಗೆಲಸಕ್ಕೆ ಒಳ್ಳೆಯದು, ಇಲ್ಲಿಗೆ ಅಲ್ಲ. ಮರದೊಳಕ್ಕೆ ಇಳಿದ ಬಿಳಿ ಅಂಟನ್ನು ಪೂರ್ತಿ ತೆಗೆಯಲಾಗದು, ಅದರ ಮೇಲೆ ಮುಂದಿನ ಬಟ್ಟೆ ಕೂರುವುದಿಲ್ಲ. ಇಲ್ಲಿಗೆ ಬೇಕಿರುವುದು ನಮ್ಮ ಹಳೆಯ ಆಚಾರಿಗಳು ಬಳಸುತ್ತಿದ್ದ ಸರೇಸು, ಪ್ರಾಣಿಯ ಚರ್ಮದಿಂದ ಮಾಡುವ ಅಂಟು. ಕಾರ್ಖಾನೆಯಲ್ಲೂ ಅದನ್ನೇ ಹಾಕಿದ್ದು. ಹರಳನ್ನು ತಣ್ಣೀರಿನಲ್ಲಿ ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿಯಲ್ಲಿ ಕರಗಿಸಿ. ಕುದಿಸಿದರೆ ಶಕ್ತಿ ಹೋಗುತ್ತದೆ. ಬಿಸಿ, ತೇವ ಕೊಟ್ಟರೆ ಎಷ್ಟು ವರ್ಷದ ಮೇಲೂ ಇದು ಬಿಡುತ್ತದೆ, ಅದೇ ಇದರ ದೊಡ್ಡ ಗುಣ. ಮಳೆಗಾಲದಲ್ಲಿ ಮಾತ್ರ ಇದನ್ನು ಹಚ್ಚಬೇಡಿ, ಒಣಗುವ ಮೊದಲೇ ಬೂಸ್ಟು ಬರುತ್ತದೆ. ಡಿಸೆಂಬರ್‌ನಿಂದ ಹೂಮಳೆ ಬೀಳುವವರೆಗಿನ ಒಣ ದಿನಗಳು ಅಂಟಿನ ಕೆಲಸಕ್ಕೆ ಹೇಳಿ ಮಾಡಿಸಿದವು.

ಬಟ್ಟೆ, ಚರ್ಮ, ಟ್ಯೂಬು ಇಲ್ಲೇ ಸಿಗುತ್ತವೆಯೇ?

ಚಿಕ್ಕ ತಿದಿಗಳಿಗೆ ಬೇಕಾದದ್ದು ರಬ್ಬರು ಸವರಿದ ಬಹಳ ತೆಳುವಾದ ಹತ್ತಿ ಬಟ್ಟೆ. ಅದನ್ನು ಪ್ಲೇಯರ್ ರಿಪೇರಿಗೆಂದೇ ಸಾಮಾನು ಮಾರುವ ಅಮೆರಿಕ, ಇಂಗ್ಲೆಂಡಿನ ಅಂಗಡಿಗಳಿಂದ ತರಿಸುವುದೇ ಸರಿ. ಕೊಡೆ ಬಟ್ಟೆ ಗಾಳಿ ಬಿಡುತ್ತದೆ. ರೆಕ್ಸಿನ್ ಗಡುಸು, ಮಡಿಕೆಯಲ್ಲಿ ಒಡೆಯುತ್ತದೆ. ಮಳೆಕೋಟಿನ ಬಟ್ಟೆಯ ಲೇಪ ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ. 88 ತಿದಿ ಕಟ್ಟಿದ ಮೇಲೆ ಬಟ್ಟೆ ಕೈಕೊಟ್ಟರೆ ಎಲ್ಲವೂ ಮೊದಲಿನಿಂದ, ಆದ್ದರಿಂದ ಇಲ್ಲಿ ಉಳಿತಾಯ ಬೇಡ. ವಾಲ್ವಿನ ಮೇಲಿನ ಮೆತ್ತನೆ ಚರ್ಮ, ಪೌಚಿನ ತೆಳು ಚರ್ಮ ಹಾರ್ಮೋನಿಯಂ ಸಾಮಾನು ಮಾರುವಲ್ಲಿ ಒಮ್ಮೊಮ್ಮೆ ಒಳ್ಳೆಯದೇ ಸಿಗುತ್ತದೆ. ಬಾಯಿಟ್ಟು ಊದಿ ನೋಡಿ, ಗಾಳಿ ದಾಟಿದರೆ ಪೌಚಿಗೆ ಬೇಡ. ಟ್ಯೂಬಿಗೆ ಒಳವ್ಯಾಸ ಹೊಂದುವ ಮೆತ್ತನೆಯ ರಬ್ಬರು ಟ್ಯೂಬೇ ಇರಲಿ. ಮೀನಿನ ತೊಟ್ಟಿಯ ಪ್ಲಾಸ್ಟಿಕ್ ಟ್ಯೂಬು ವರ್ಷ ಕಳೆದಂತೆ ಗಡುಸಾಗಿ ತುದಿಯಲ್ಲಿ ಜಾರುತ್ತದೆ.

88 ಚಿಕ್ಕ ತಿದಿಗಳಿಗೆ ಬಟ್ಟೆ ಹಾಕುವ ಕೆಲಸ ನಿಜಕ್ಕೂ ಮನೆಯಲ್ಲಿ ಸಾಧ್ಯವೇ?

ಸಾಧ್ಯ. ಕಷ್ಟದ್ದಲ್ಲ, ಉದ್ದದ್ದು.

ಪ್ರತಿ ತಿದಿಗೂ ಮೊದಲೇ ಸಂಖ್ಯೆ ಹಾಕಿ. ಹಲಗೆಯಿಂದ ಬಿಡಿಸುವಾಗ ಸಂದಿಗೆ ಬಿಸಿ ಕೊಟ್ಟು ತೆಳುವಾದ, ಮೊಂಡು ಅಲಗಿನ ಚಾಕು ತೂರಿಸಿ. ಒಣ ಮರವನ್ನು ಬಲವಂತವಾಗಿ ಎಬ್ಬಿಸಿದರೆ ಮರದ ಚಕ್ಕೆಯೇ ಕಿತ್ತು ಬರುತ್ತದೆ. ಹಳೆಯ ಬಟ್ಟೆ ಸುಲಿದು, ಅಂಚಿನ ಅಂಟನ್ನು ಮರಳು ಕಾಗದವನ್ನು ಸಮತಟ್ಟು ಗಾಜಿನ ಮೇಲೆ ಹರಡಿ ಉಜ್ಜಿ ತೆಗೆಯಿರಿ. ಅಂಚು ನೇರ ಇರಬೇಕು, ಗಾಳಿ ಸೋರುವುದು ಅಲ್ಲೇ. ಕೀಲಿನ ಕಡೆಯ ಬಟ್ಟೆ ಹರಿದಿದ್ದರೆ ಅದನ್ನು ಮೊದಲು ಹೊಸದು ಮಾಡಿ.

ತಿದಿ ಎಷ್ಟು ಬಾಯಿ ತೆರೆಯುತ್ತಿತ್ತು ಎಂಬುದನ್ನು ಹಳೆಯದರಲ್ಲಿ ಅಳೆದು, ಅಷ್ಟೇ ದಪ್ಪದ ಮರದ ತುಂಡೊಂದನ್ನು ನಡುವೆ ಇಟ್ಟುಕೊಳ್ಳಿ. ಎಲ್ಲ 88ಕ್ಕೂ ಅದೇ ಅಳತೆ. ಬಟ್ಟೆಯ ಪಟ್ಟಿಯನ್ನು ಬಾಯಿಯ ಕಡೆಯಿಂದ ಅಂಟಿಸಲು ಶುರು ಮಾಡಿ, ಎರಡು ಪಕ್ಕಕ್ಕೂ ಸಮನಾಗಿ ಎಳೆದು, ಕೀಲಿನ ಹಿಂದೆ ಒಂದರ ಮೇಲೊಂದು ಬರುವಂತೆ ಮುಗಿಸಿ. ಸರೇಸು ಬೇಗ ಗಟ್ಟಿಯಾಗುವುದರಿಂದ ಒಂದು ಪಕ್ಕಕ್ಕೆ ಹಚ್ಚಿ, ಅಂಟಿಸಿ, ಮುಂದಿನದಕ್ಕೆ ಹೋಗಿ. ಒಣಗಿದ ಮೇಲೆ ಅಂಚಿಗೆ ಸರಿಯಾಗಿ ಹೆಚ್ಚಿನ ಬಟ್ಟೆ ಕತ್ತರಿಸಿ, ಮಡಿಕೆ ಒಳಗೆ ಬರುವಂತೆ ಬೆರಳಲ್ಲಿ ತಿದ್ದಿ ಮುಚ್ಚಿಡಿ.

ಆಮೇಲೆ ಪರೀಕ್ಷೆ. ತಿದಿಯನ್ನು ಮುಚ್ಚಿ, ತೂತಿಗೆ ಬೆರಳಿಟ್ಟು, ತೆರೆಯಲು ಎಳೆಯಿರಿ. ಬಿಗಿಯಾಗಿ ಎಳೆತ ಕೊಟ್ಟು ಬಾಯಿ ಬಿಡದೆ ನಿಂತರೆ ಸರಿ, ಮೆಲ್ಲಗೆ ತೆರೆದುಕೊಂಡರೆ ಎಲ್ಲೋ ಸೋರುತ್ತಿದೆ. ಸೋರುವುದನ್ನು "ಇರಲಿ, ಒಂದೇ ತಾನೆ" ಎಂದು ಕೂರಿಸಬೇಡಿ. ಹಲಗೆಗೆ ಮರಳಿ ಅಂಟಿಸಿದ ಮೇಲೆ ಆ ಒಂದನ್ನು ತೆಗೆಯಲು ಅಕ್ಕಪಕ್ಕದವನ್ನೂ ಕೆಡಿಸಬೇಕಾಗುತ್ತದೆ.

ವಾಲ್ವುಗಳನ್ನೂ ಬಿಚ್ಚಬೇಕೇ?

ಹೊರಗಿನಿಂದ ಚೆನ್ನಾಗಿ ಕಂಡರೂ ಬಿಚ್ಚಿ. ನೂರು ವರ್ಷದ ಚರ್ಮ ಗಡುಸಾಗಿ ಹಾಸಿನ ಮೇಲೆ ಪೂರ್ತಿ ಕೂರುವುದಿಲ್ಲ. ಹೊಸ ಚರ್ಮ ಹಾಕಿದ ಮೇಲೆ ವಾಲ್ವು ಮೇಲೆ ಕೆಳಗೆ ಚಲಿಸುವ ಅಂತರ ಒಂದು ಮಿಲಿಮೀಟರಿನ ಒಳಗೇ ಇರಲಿ. ಹೆಚ್ಚಾದರೆ ಗಾಳಿ ಪೋಲು, ಕಡಿಮೆಯಾದರೆ ಸ್ವರ ಸೋಮಾರಿ. ಕಿರುತೂತುಗಳನ್ನು ಅಗಲ ಮಾಡದೆ, ಸರಿಹೊಂದುವ ತೆಳು ತಂತಿಯಿಂದ ಧೂಳು ಮಾತ್ರ ತೆಗೆಯಿರಿ.

ಟ್ರ್ಯಾಕರ್ ಬಾರಿನ ತೂತುಗಳಲ್ಲಿ ಕಾಗದದ ಹೊಟ್ಟು ತುಂಬಿರುತ್ತದೆ. ಊದಬೇಡಿ, ಅದು ಒಳಕ್ಕೆ ಹೋಗಿ ಪೌಚಿನ ಬಳಿ ಕೂರುತ್ತದೆ, ಹೀರಿ ತೆಗೆಯಬೇಕು. ಸೈಕಲ್ ಪಂಪಿನೊಳಗಿನ ಚರ್ಮದ ವಾಷರನ್ನು ತಿರುಗಿಸಿ ಹಾಕಿದರೆ ಅದೇ ಹೀರುವ ಪಂಪಾಗುತ್ತದೆ. ಯಾವ ಸೈಕಲ್ ಶಾಪಿನವರೂ ಮಾಡಿಕೊಡುತ್ತಾರೆ.

ಎಲ್ಲ ಜೋಡಿಸಿದ ಮೇಲೂ ಕಾಲು ನೋಯುವಷ್ಟು ತುಳಿಯಬೇಕು. ಸೋರಿಕೆ ಎಲ್ಲಿ ಎಂದು ಹುಡುಕುವುದು ಹೇಗೆ?

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ತನ್ನಿ. ಯು ಆಕಾರದಲ್ಲಿ ಹಲಗೆಗೆ ಬಿಗಿದು ಅರ್ಧ ನೀರು ತುಂಬಿ, ಒಂದು ತುದಿಯನ್ನು ಯಂತ್ರದ ಗಾಳಿ ಕೊಳವೆಗೆ ಸೇರಿಸಿ. ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸವೇ ನಿರ್ವಾತದ ಅಳತೆ. ಮೃದುವಾಗಿ ನುಡಿಸುವಾಗ 5ರಿಂದ 10 ಇಂಚು ಬಂದರೆ ಸಾಕು, ಗಟ್ಟಿ ನುಡಿಗೆ 30ರವರೆಗೂ ಏರುತ್ತದೆ. ಈಗ ದೊಡ್ಡ ತಿದಿಯಿಂದ ಮೇಲಕ್ಕೆ ಹೋಗುವ ಕೊಳವೆಗಳನ್ನು ಒಂದೊಂದಾಗಿ ಮುಚ್ಚುತ್ತ ಬನ್ನಿ. ಯಾವುದನ್ನು ಮುಚ್ಚಿದಾಗ ನೀರು ತಟ್ಟನೆ ಏರಿ ನಿಲ್ಲುತ್ತದೋ ಸೋರಿಕೆ ಅದರ ಆಚೆ. ಹೆಚ್ಚಿನ ಸಲ ದೋಷಿ ದೊಡ್ಡ ತಿದಿಯ ಮೂಲೆಗಳೇ.

ಹಾರ್ಮೋನಿಯಂ ರಿಪೇರಿ ಮಾಡುವವರು ಇದನ್ನು ಮಾಡಬಲ್ಲರೇ?

ಬಹಳ ಭಾಗ ಮಾಡಬಲ್ಲರು. ಹಾಸನದ ಕಡೆ ಪೌರಾಣಿಕ ನಾಟಕಗಳಿಗೆ ನುಡಿಸುವ ಲೆಗ್ ಹಾರ್ಮೋನಿಯಂ ರಿಪೇರಿ ಮಾಡಿದವರ ಕೈಗೆ ತಿದಿ, ಚರ್ಮ, ಗಾಳಿ ಎಲ್ಲವೂ ಗೊತ್ತು. ಅವರಿಗೆ ಎರಡು ವಿಷಯ ಮೊದಲೇ ತಿಳಿಸಿ: ಇಲ್ಲಿ ಗಾಳಿ ಒಳಕ್ಕೆ ಎಳೆಯುತ್ತದೆ, ಆದ್ದರಿಂದ ಚರ್ಮ, ಮುಚ್ಚಳಗಳು ಎಲ್ಲ ಮಗುಚಿದ ದಿಕ್ಕಿನಲ್ಲಿ ಕೂರುತ್ತವೆ. ಮತ್ತು ಬಿಳಿ ಅಂಟು ಬೇಡ. ಅವರ ಜೊತೆ ಕೂತು ಮಾಡುವುದು ಒಬ್ಬರೇ ಮಾಡುವುದಕ್ಕಿಂತ ಸಂತೋಷದ ಕೆಲಸ, ಅವರಿಗೂ ಒಂದು ಹೊಸ ವಿದ್ಯೆ.

ಶ್ರುತಿ ನಾವೇ ಮಾಡಬಹುದೇ?

ಕಲಿಯಬಹುದು, ಆದರೆ ಮೊದಲ ಸಲ ಬೆಂಗಳೂರಿನಿಂದ ಟ್ಯೂನರ್ ಕರೆಸಿ ಪಕ್ಕದಲ್ಲಿ ನಿಂತು ನೋಡಿ. ದಶಕಗಳಿಂದ ಇಳಿದು ಕೂತ ತಂತಿಯನ್ನು ಒಂದೇ ದಿನ ಇಂದಿನ ರೂಢಿಯ ಶ್ರುತಿಯಾದ 440 ಹರ್ಟ್ಸ್ ಮಟ್ಟಕ್ಕೆ ಎಳೆಯಬಾರದು. ಒಂದೊಂದು ತಂತಿಯ ಮೇಲೆ ಸುಮಾರು 70 ಕಿಲೋ ಎಳೆತ ಇರುತ್ತದೆ, ತುಕ್ಕು ಹಿಡಿದದ್ದು ಕಡಿದು ಮುಖಕ್ಕೆ ಹಾರಬಹುದು, ಕನ್ನಡಕ ಹಾಕಿಕೊಳ್ಳಿ. ಹಂತ ಹಂತವಾಗಿ ಏರಿಸಿ, ನಡುವೆ ವಾರಗಳ ಬಿಡುವು ಕೊಡಿ. ತಂತಿ ತೀರ ಹಳೆಯದಾದರೆ ಅರ್ಧ ಸ್ವರ ಕೆಳಗೇ ನಿಲ್ಲಿಸಿ. ಜೊತೆಗೆ ಬೇರೆ ವಾದ್ಯ ನುಡಿಸದಿದ್ದರೆ ಅದರಿಂದ ನಷ್ಟವೇನೂ ಇಲ್ಲ. ಬಿರಡೆ ತಿರುಗಿಸಲು ಅದರದೇ ಲಿವರ್ ಬೇಕು, ಸ್ಪ್ಯಾನರ್ ಹಾಕಿದರೆ ಬಿರಡೆಯ ಮೂಲೆ ಸವೆದುಹೋಗುತ್ತದೆ.

ಕೀಗಳ ಮೇಲಿರುವುದು ಆನೆದಂತವೇ? ಕಾನೂನಿನ ತೊಂದರೆ ಇದೆಯೇ?

ಬಿಳಿ ಕೀಯ ಅಗಲದ ಮುಂಭಾಗ, ಕಿರಿದಾದ ಹಿಂಭಾಗ ಸೇರುವಲ್ಲಿ ಕೂದಲೆಳೆಯಂಥ ಗೆರೆ ಇದ್ದು, ಮೇಲ್ಮೈಯಲ್ಲಿ ಸೂಕ್ಷ್ಮ ಎಳೆಗಳು ಕಂಡರೆ ಅದು ದಂತ ಇರಬಹುದು. ಒಂದೇ ತುಂಡಾಗಿ ನುಣ್ಣಗಿದ್ದರೆ ಹೆಚ್ಚಾಗಿ ಸೆಲ್ಯುಲಾಯ್ಡ್, ಅದಕ್ಕೆ ಬೆಂಕಿ ತಗುಲಿದರೆ ಭಗ್ಗನೆ ಹತ್ತುತ್ತದೆ, ಹತ್ತಿರ ಬಿಸಿಗಾಳಿ ಯಂತ್ರ ಒಯ್ಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳಡಿ ದಂತದ ವ್ಯಾಪಾರ ನಿಷಿದ್ಧ. ಬಿದ್ದುಹೋದ ತುಂಡಿಗೆ ಬದಲಿ ದಂತ ಹುಡುಕಲು ಹೋಗಬೇಡಿ, ಪ್ಲಾಸ್ಟಿಕ್ ಹಾಕಿ. ಪಿಯಾನೋ ಮಾರುವ, ಕೊಡುವ ಮಾತು ಬಂದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಹಳೆಯ ರೋಲುಗಳು ಮುಟ್ಟಿದರೆ ಒಡೆಯುತ್ತಿವೆ. ಹೊಸದು ಸಿಗುತ್ತದೆಯೇ?

ಒಡೆಯುವ ರೋಲನ್ನು ಯಂತ್ರಕ್ಕೆ ಹಾಕಬೇಡಿ. ಹರಿದ ಅಂಚಿಗೆ ಸೆಲೋಟೇಪ್ ಬೇಡ, ಅದರ ಅಂಟು ಕರಗಿ ಪದರಗಳನ್ನು ಕಚ್ಚಿಸುತ್ತದೆ. ತೆಳು ಟಿಶ್ಯೂ ಕಾಗದ, ಗೋಧಿಹಿಟ್ಟಿನ ತಿಳಿ ಅಂಟು ಸಾಕು. ಅಂಟಿಗೆ ಬೆಳ್ಳಿಹುಳ ಬರುತ್ತದೆ, ಡಬ್ಬಿಯನ್ನು ಒಣ ಜಾಗದಲ್ಲಿಡಿ. 88 ಸ್ವರದ ರೋಲುಗಳನ್ನು 1900ರಲ್ಲಿ ಶುರುವಾದ ಅಮೆರಿಕದ ಕ್ಯೂಆರ್‌ಎಸ್ ಕಂಪನಿ ಸೇರಿ ಕೆಲವರು ಇಂದಿಗೂ ಮಾಡುತ್ತಾರೆ. ರೋಲಿನ ತಲೆಯಲ್ಲಿ ಬರೆದ ಟೆಂಪೋ ಸಂಖ್ಯೆ ನೋಡಿ: 70 ಎಂದಿದ್ದರೆ ನಿಮಿಷಕ್ಕೆ 7 ಅಡಿ ಕಾಗದ ಸಾಗಬೇಕು. ನೆಲದ ಮೇಲೆ 7 ಅಡಿ ಅಳೆದು ಗುರುತು ಹಾಕಿದ ಹಳೆಯ ರೋಲಿನಿಂದ ಗವರ್ನರನ್ನು ಸರಿಮಾಡಬಹುದು.

ನಮ್ಮ ಸಂಗೀತವನ್ನು ಇದರಲ್ಲಿ ನುಡಿಸಬಹುದೇ?

ಗಮಕ ಬಾರದು. ಪಿಯಾನೋದ ಸ್ವರ ನಿಂತ ಸ್ವರ, ತೋಡಿಯನ್ನೋ ಭೈರವಿಯನ್ನೋ ಇದರ ಮೇಲೆ ಹೇರಿದರೆ ಎರಡಕ್ಕೂ ಅನ್ಯಾಯ. ಆದರೆ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳ ಮೇಲೆ ರಚಿಸಿದ ನೊಟ್ಟುಸ್ವರಗಳು ಇದಕ್ಕೆ ಚೆನ್ನಾಗಿ ಕೂರುತ್ತವೆ, ಅವುಗಳಲ್ಲಿ ಗಮಕದ ಹಂಗಿಲ್ಲ. ಖಾಲಿ ಕಾಗದದ ಮೇಲೆ ಅಳತೆ ಹಾಕಿ ಕೈಯಿಂದಲೇ ತೂತು ಕತ್ತರಿಸಿ ಸಣ್ಣ ರೋಲು ಮಾಡಬಹುದು. ಮಕ್ಕಳಿಗೆ ಸ್ವರ, ತಾಳ ಕಣ್ಣಿಗೆ ಕಾಣುವಂತೆ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಪಿಯಾನೋ ಈ ನೆಲಕ್ಕೆ ಪರಕೀಯ ಎನ್ನುವವರಿಗೂ ಒಂದು ಮಾತು: ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಡ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅರ್ಪಿಸಿದ್ದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರಿಗೆ. ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ.

ತುಳಿಯುವ ಬದಲು ಮೋಟರ್ ಹಾಕಿಬಿಟ್ಟರೆ?

ಹಾಕಬಹುದು, ಬೇಡ ಎಂಬುದು ನನ್ನ ಅಭಿಪ್ರಾಯ. ಕಾಲೇ ಇಲ್ಲಿ ನುಡಿಸುವವನ ಕೈ. ಒಂದು ಒತ್ತು ಜೋರಾಗಿ ಕೊಟ್ಟರೆ ಆ ಸ್ವರ ಎದ್ದು ಕಾಣುತ್ತದೆ, ಮೆಲ್ಲಗೆ ಬಿಟ್ಟರೆ ಸಾಲು ಮೃದುವಾಗಿ ಇಳಿಯುತ್ತದೆ. ವೇಗದ ಸನ್ನೆಯಿಂದ ಸಾಲಿನ ಕೊನೆಯಲ್ಲಿ ತುಸು ತಡೆದು ನಿಲ್ಲಿಸಬಹುದು. ಒಂದೇ ರೋಲು ಇಬ್ಬರ ಕಾಲಲ್ಲಿ ಎರಡು ಬಗೆಯಾಗಿ ಕೇಳುತ್ತದೆ. ಮೊದಲೇ ವಿದ್ಯುತ್ ಮೋಟರ್ ಇರುವ ಅಮೆರಿಕದ ವಾದ್ಯ ನಿಮ್ಮದಾದರೆ ಅದು 110 ವೋಲ್ಟಿನದು, ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಹಳೆಯ ವೈರನ್ನು ಎಲೆಕ್ಟ್ರಿಷಿಯನ್ ನೋಡದೆ ಮುಟ್ಟಬೇಡಿ.

ಸರಿಯಾದ ಮೇಲೆ ವರ್ಷವಿಡೀ ಹೇಗೆ ನೋಡಿಕೊಳ್ಳಬೇಕು?

ವಾರಕ್ಕೆ ಒಂದೆರಡು ಸಲವಾದರೂ ತುಳಿಯಿರಿ, ಸುಮ್ಮನೆ ನಿಂತ ಚರ್ಮ ಬೇಗ ಗಡುಸಾಗುತ್ತದೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಮುಚ್ಚಳ ತೆಗೆದು ಬ್ರಷ್ಷಿನಿಂದ ಒಳಗಿನ ಧೂಳು ತೆಗೆದು ಇಲಿ ಬರುವ ಸಂದಿಗಳನ್ನು ಜಾಲರಿಯಿಂದ ಮುಚ್ಚಿ. ಮಳೆಗಾಲದಲ್ಲಿ ದಪ್ಪ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವರುತ್ತದೆ, ಹತ್ತಿಯ ಹೊದಿಕೆ ಸಾಕು. ಜುಲೈ, ಆಗಸ್ಟಿನಲ್ಲಿ ಒಂದೆರಡು ಕೀ ಕಚ್ಚಿಕೊಂಡರೆ ಉಜ್ಜಲು ಹೋಗಬೇಡಿ, ಬಿಸಿಲು ಬಂದಾಗ ತಾನೇ ಬಿಡುತ್ತದೆ. ಶ್ರುತಿಗೆ ಟ್ಯೂನರನ್ನು ಅಕ್ಟೋಬರಿನಲ್ಲಿ ಕರೆಸುವವರೇ ಹೆಚ್ಚು. ಆಗ ಮರ ಇನ್ನೂ ಉಬ್ಬಿಕೊಂಡಿರುತ್ತದೆ, ಒಂದೇ ತಿಂಗಳಲ್ಲಿ ಶ್ರುತಿ ಇಳಿದುಹೋಗುತ್ತದೆ. ನವೆಂಬರ್ ಕೊನೆಯವರೆಗೆ ಕಾಯಿರಿ, ತೇವಾಂಶದ ಮಾಪಕ 60ರ ಕೆಳಗೆ ಎರಡು ವಾರ ನಿಂತ ಮೇಲೆ ಫೋನ್ ಮಾಡಿ.